ಸೀತಾಳೆದಂಡೆಗೆ ಬಿಸಿಲು ತೋರಿಸಿದ ವರ್ಷ

೧೯೫೬ರಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ಇಯತ್ತೆ ಅರ್ಧಕ್ಕೆ ಬಂದಿತ್ತು. ಪಾಪ, ಬಡತನಕ್ಕೆ ಬಿಡಿಸಿದರು ಎಂದು ಹೇಳುವ ಸಂಬಂಧಿಕರಿದ್ದಾರೆ. ಯಾರೂ ಬಿಡಿಸಲಿಲ್ಲ. ಅಪ್ಪನ ಭುಜ ಬಿದ್ದುಹೋಗಿತ್ತು, ಬಿಲ್ಲು ಗೋಡೆಗೆ ಒರಗಿ ನಿಂತಿತ್ತು, ನಾನು ಎತ್ತಿಕೊಂಡೆ. ನಾವು ಪಿಂಜಾರರು. ಅರಳೆ ಹಿಂಜುವುದು, ಗಾದಿ ಹೊಲಿಯುವುದು ನಮ್ಮ ಕಸುಬು. ಆಗ ಬಿಲ್ಲು ನನಗಿಂತ ಒಂದು ಗೇಣು ಎತ್ತರವಿತ್ತು. ಬಿಲ್ಲೂ ನಾನೂ ಸರಿಸಮ ಆಗುವ ಹೊತ್ತಿಗೆ ನಾನು ಮುಂಬಯಿಯಲ್ಲಿದ್ದೆ.

ಕುರ್ಲಾದ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿ, ನನ್ನದೇ ಒಂದು ಖೋಲಿ ಮಾಡಿಕೊಂಡೆ. ಬೆಳಿಗ್ಗೆ ಬಿಲ್ಲು ಹೆಗಲಿಗೇರಿಸಿ ಚೆಂಬೂರಿನ ಕಾಲನಿಗಳಿಗೆ ನಡೆಯುತ್ತಿದ್ದೆ. ಕೂಗುವ ಅಗತ್ಯ ನಮಗಿಲ್ಲ. ಬಿಲ್ಲಿನ ತಂತಿಯನ್ನು ಬೆರಳಿನಿಂದ ಮೀಟಿದರೆ ಸಾಕು, ಆ ಸದ್ದು ಮೂರನೆಯ ಮಾಳಿಗೆಯವರ ಅಡಿಗೆಮನೆಗೂ ಮುಟ್ಟುತ್ತದೆ. ಮೇಲಿನಿಂದ ಯಾರಾದರೂ “ಏ ಗಾದಿವಾಲಾ” ಎಂದರೆ ಹತ್ತಿ ಹೋಗಿ ಗಾದಿ ಇಳಿಸಿಕೊಂಡು, ಅಂಗಳದಲ್ಲೇ ಬಿಚ್ಚಿ, ಹಿಂಜಿ, ಸಂಜೆಯೊಳಗೆ ಹೊಲಿದು ಕೊಡುತ್ತಿದ್ದೆ. ನಾನು ಹೊಲಿದ ಗಾದಿಯಲ್ಲಿ ಅರಳೆ ಒಂದು ಮೂಲೆಗೆ ಸರಿಯಿತು ಎಂದು ಈವರೆಗೆ ಯಾರೂ ತಿರುಗಿ ಬಂದಿಲ್ಲ. ಮಳೆಗಾಲದಲ್ಲಿ ಮಾತ್ರ ಅಂಗಳದ ಕೆಲಸ ನಡೆಯುವುದಿಲ್ಲ. ಆಗ ಅರಳೆಯನ್ನು ಖೋಲಿಗೆ ತಂದು, ಬಾಗಿಲು ಹಾಕಿಕೊಂಡು, ಅಲ್ಲೇ ಹಿಂಜುತ್ತಿದ್ದೆ. ಎಲ್ಲ ಪಿಂಜಾರರೂ ಹಾಗೆಯೇ ಮಾಡುತ್ತಿದ್ದರು. ನಮ್ಮ ಅಪ್ಪನೂ ಹಾಗೆಯೇ ಮಾಡಿದ್ದ.

೧೯೬೮ರ ಜನವರಿಯ ಚಳಿಯಲ್ಲಿ ಮದುವೆಯಾಯಿತು. ಹೆಂಡತಿ ಬೆಳಗಾವಿಯ ಕಡೆ ಖಾನಾಪುರದವಳು. ಅವಳ ಅಪ್ಪ ಕಾಡಿನಿಂದ ಗಾಡಿಯಲ್ಲಿ ಕಟ್ಟಿಗೆ ತರುವ ಕೆಲಸ ಮಾಡಿದವರು. ಮಗಳ ಜೊತೆ ಅವರು ಒಂದು ಟ್ರಂಕು ಕೊಟ್ಟರು, ಒಂದು ಗಿಡ ಕೊಟ್ಟರು. ಗಿಡ ಅಂದರೆ ಕುಂಡ, ಮಣ್ಣು ಏನೂ ಇಲ್ಲ. ಬಿದ್ದುಹೋದ ನೇರಳೆ ಮರದ ಒಂದು ಟೊಂಗೆ, ಅದಕ್ಕೆ ಅಂಟಿಕೊಂಡ ಒಂದು ಸೀತಾಳೆದಂಡೆ. ಅದಕ್ಕೆ ಆರ್ಕಿಡ್ ಎಂಬ ಹೆಸರಿರುವುದು, ದೊಡ್ಡ ಬಂಗಲೆಗಳಲ್ಲಿ ಅದನ್ನು ತೂಗುಹಾಕುವುದು, ಇವೆಲ್ಲ ನನಗೆ ಬಹಳ ಆಮೇಲೆ ತಿಳಿಯಿತು. ಆರು ಎಲೆಗಳಿದ್ದವು. ಸೊಂಟಪಟ್ಟಿಯಂತೆ ದಪ್ಪ, ತುದಿಯಲ್ಲಿ ಇಲಿ ಕಚ್ಚಿದಂತೆ ಒಂದು ಕಚ್ಚು. ಸುತಳಿಗಿಂತ ದಪ್ಪನೆಯ ಬಿಳಿ ಬೇರುಗಳು ಟೊಂಗೆಯನ್ನು ಹಿಡಿದುಕೊಂಡು ಉಳಿದದ್ದು ಗಾಳಿಯಲ್ಲಿ ಇಳಿಬಿದ್ದಿದ್ದವು. ಹಸಿ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಅದನ್ನು ಅವಳು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು.

ಗ್ಯಾಲರಿಯ ಕಟಾಂಜನಕ್ಕೆ ಅದನ್ನು ಕಟ್ಟಿದಳು. ದಿನವೂ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದಳು. ಮರುವರ್ಷದ ಬೇಸಿಗೆಯಲ್ಲಿ ಒಂದು ಗೊಂಚಲು ಹೂ ಇಳಿಯಿತು. ನರಿಯ ಬಾಲದಷ್ಟು ಉದ್ದ, ಬಿಳಿ ಹೂವಿನ ಮೇಲೆಲ್ಲ ಗುಲಾಬಿ ಚುಕ್ಕೆ. ಅವಳು ಅದನ್ನು ಹಾಗೆಯೇ ಹೆರಳಿಗೆ ಸುತ್ತಿಕೊಂಡು ಕೆಳಗೆ ನಳಕ್ಕೆ ನೀರಿಗೆ ಹೋದಳು. ನಳದ ಹತ್ತಿರ ಮರಾಠಿ ಹೆಂಗಸರು ಕೊಡ ಬಿಟ್ಟು ಸುತ್ತುವರಿದರು. “ಹೀ ಸೀತೇಚಿ ವೇಣಿ ನಾ?”, ಇದು ಸೀತೆಯ ದಂಡೆಯಲ್ಲವೇ, ಎಂದು ಒಬ್ಬಾಕೆ ಮುಟ್ಟಿ ನೋಡಿದಳು. ನಾನು ಆಗ ಬಿಲ್ಲು ಹೊತ್ತು ಚೆಂಬೂರಿನಿಂದ ಬರುತ್ತಿದ್ದೆ. ಆ ಚಾಳಿನಲ್ಲಿ ಗಿರಣಿಯ ಆಳುಗಳ ಮೇಲಿನ ಜಾಬರ್ ಇದ್ದ, ರೇಲ್ವೆಯ ಗುಮಾಸ್ತ ಇದ್ದ. ಯಾರ ಹೆಂಡತಿಯ ತಲೆಯಲ್ಲೂ ಅಂಥ ಹೂ ಇರಲಿಲ್ಲ.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಬೇಸಿಗೆ ಬಂದರೂ ಬಿಡಲಿಲ್ಲ. ಮುನಸಿಪಾಲಿಟಿಯ ದವಾಖಾನೆಯ ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿ, ನನ್ನ ಅಂಗಿಯ ಮೇಲಿದ್ದ ಅರಳೆ ನೋಡಿ, ಇವಳನ್ನು ಸ್ವಲ್ಪ ದಿವಸ ಒಳ್ಳೆಯ ಗಾಳಿಗೆ ಕಳಿಸಿ ಎಂದರು. ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಒಂದೇ ಮಾತು: “ಗಿಡಾ ನೋಡ್ಕೋರಿ.”

ಟ್ರಂಕು ಇಲ್ಲೇ ಇತ್ತು. ಹಾಗಾಗಿ ನಾನು ಚಿಂತೆ ಮಾಡಲಿಲ್ಲ.

೧೯೭೦ರ ಆ ಮಳೆಗಾಲದಲ್ಲಿ ಖೋಲಿ ತುಂಬ ಅರಳೆ. ಮಳೆಯ ಹೊಡೆತ ಬೇಡವೆಂದು ಗಿಡವನ್ನು ಒಳಗೆ ತಂದು ಕಿಟಕಿಗೆ ಕಟ್ಟಿದ್ದೆ. ಹಿಂಜುವಾಗ ಹಾರುವ ಸಣ್ಣ ನವಿರು ಎಲೆಗಳ ಮೇಲೆ ಕೂತು, ತೇವ ಕುಡಿದು, ಪದರು ಕಟ್ಟಿತು. ಎಲೆ ಹಳದಿಯಾಯಿತು, ಬುಡ ಮೆತ್ತಗಾಯಿತು. ಒಂದು ಕೆಟ್ಟ ವಾಸನೆಯೂ ಬಂತು. ಅದು ನನಗೆ ಪರಿಚಯದ ವಾಸನೆ. ಹಳೆಯ ಗಾದಿ ಬಿಚ್ಚಿದಾಗ ಹೀಗೆಯೇ ಬರುತ್ತದೆ. ಬೆವರು ಕುಡಿದು, ಗಂಟುಗಟ್ಟಿ, ಸತ್ತಂತೆ ಬಿದ್ದಿರುವ ಅರಳೆಗೆ ಒಂದು ದಿನ ಖಡಕ್ ಬಿಸಿಲು ತೋರಿಸಿದರೆ ಉಸಿರು ಬಂದಂತೆ ಉಬ್ಬುತ್ತದೆ. ಆಮೇಲೆ ಹಿಂಜಿದರೆ ಹೊಸದರಂತೆ ಆಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಔಷಧವಿಲ್ಲ. ಮಳೆ ನಿಂತು ಅಕ್ಟೋಬರದ ಬಿಸಿಲು ಬಿದ್ದದ್ದೇ ನಾನು ಗಿಡವನ್ನು ಚಾಳಿನ ತಗಡಿನ ಚಾವಣಿಯ ಮೇಲೆ, ಬಿಚ್ಚಿದ ಗಾದಿಗಳ ಸಾಲಿನಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಣಗಹಾಕಿದೆ. ಮಧ್ಯಾಹ್ನ ಒಮ್ಮೆ ಹೋಗಿ ಮಗ್ಗಲು ಬದಲಿಸಿ ಕೂಡ ಬಂದೆ.

ಗಾದಿಗಳು ಚೆನ್ನಾಗಿ ಉಬ್ಬಿದವು. ಗಿಡದ ಎಲೆಗಳು ಬೆಳ್ಳಗಾಗಿ, ಸುಟ್ಟ ಕಾಗದದಂತೆ ಕಂದಾಗಿ, ಒಂದೊಂದಾಗಿ ಬಿದ್ದವು. ನಡುವಿನ ಸುಳಿಯೂ ಕೈಗೆ ಬಂತು. ಉಳಿದದ್ದು ಬೆರಳುದ್ದದ ಒಂದು ಕಾಂಡ, ಅದರ ಬುಡಕ್ಕೆ ಒಂದಿಷ್ಟು ಬೇರು.

ಅಂಥ ಹೊತ್ತಿನಲ್ಲೇ ಅವಳ ಅಣ್ಣ ಬಂದ. ಅವನು ಮ್ಯಾಟ್ರಿಕ್ ಪಾಸಾದವನು, ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಕ್ಲಾರ್ಕು, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಚಹ ಕುಡಿದು ಕಪ್ಪು ಕೆಳಗಿಟ್ಟು, ಟ್ರಂಕು ಒಯ್ಯಲು ಬಂದಿದ್ದೇನೆ ಎಂದ. ಒಳಗೊಳಗೇ ನನಗೆ ಅರ್ಥವಾಯಿತು. ಬಟ್ಟೆಗಾಗಿ ಯಾರೂ ಅಷ್ಟು ದೂರದಿಂದ ರೈಲು ಹತ್ತಿ ಬರುವುದಿಲ್ಲ. ಟ್ರಂಕು ಹೋದರೆ ಅವಳು ತಿರುಗಿ ಬರುವುದಿಲ್ಲ.

ಅವನ ಕಣ್ಣು ಕಿಟಕಿಯ ಕಡೆ ಹೋಯಿತು. “ಇದೇನ್ರಿ ದುಲ್ಹಾಭಾಯಿ, ಕಟಗಿ ತೂಗಹಾಕೀರಿ?”

“ಗಿಡ.”

“ಗಿಡಕ್ಕ ಎಲಿ ಇರ್ತಾವ.”

“ಬರ್ತಾವ.”

ಅವನು ಎದ್ದು ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ ನನ್ನ ಮುಂದೆ ಹಿಡಿದ. ಬೆರಳಿನ ತುದಿಗೆ ಬಿಳಿ ನವಿರು ಟೊಪ್ಪಿಗೆ ಹಾಕಿದಂತೆ ಕೂತಿತ್ತು. “ಇದನ್ನ ನೋಡ್ರಿ. ಇದು ಆ ಎಲಿ ಮ್ಯಾಲೂ ಕುಂತಿತ್ತು. ನನ್ನ ತಂಗಿ ಎದ್ಯಾಗೂ ಕುಂತೈತಿ.”

ಅವನು ದನಿ ಇಳಿಸಿದ. “ಡಿಪೋದಾಗ ವಾಚಮನ್ ಜಾಗಾ ಖಾಲಿ ಐತಿ. ಸಾಹೇಬರ ಕಿವಿಗೆ ಹಾಕೇನಿ. ಖಾನಾಪುರಕ್ಕ ಬಂದಬಿಡ್ರಿ. ನಮ್ಮನ್ಯಾಗ ಒಂದು ಖೋಲಿ ಬಿಟ್ಟು ಕೊಡ್ತೇವಿ.”

“ಮನಿಅಳ್ಯಾ ಆಗಿ ಬಾ ಅಂತೀರಿ.”

“ಸಾಲಿ ಕಲ್ತಿದ್ರ ಕ್ಲಾರ್ಕ್ ಆಗಿ ಬಾ ಅಂತಿದ್ದೆ. ಕಲ್ತಿಲ್ಲ. ವಾಚಮನ್ ಅಂದ್ರ ಸಿಟ್ಟು ಯಾಕ?”

“ಸಿಟ್ಟಿಲ್ಲ ಭಾಯಿ. ನನಗ ಕೆಲಸ ಐತಿ.”

“ಹಂಗಾರ ಕೇಳ್ರಿ. ಒಂದು ಗಿಡ ಬದುಕಲಾರದ ಖೋಲಿಗೆ ನಾ ನನ್ನ ತಂಗೀನ ಕಳಸೂದಿಲ್ಲ.”

“ಗಿಡ ಸತ್ತಿಲ್ಲ. ಟ್ರಂಕ್ ಇಲ್ಲೇ ಇರ್ಲಿ. ಈಗ ಹೊತ್ತುಕೊಂಡು ಹೋಗೂದು, ಆಮ್ಯಾಲೆ ಹೊಳ್ಳಿ ತರೂದು, ನಿಮಗ ಸುಮ್ನ ತ್ರಾಸು.”

ಅವನು ಬರಿಗೈಯಲ್ಲಿ ಹೋದ. ನಾನು ಸ್ಟೇಷನ್ನಿನವರೆಗೆ ಹೋಗಿ ಲೋಕಲ್ ಹತ್ತಿಸಿ ಬಂದೆ. ಮರ್ಯಾದೆಗೆ ಕಡಿಮೆ ಮಾಡಲಿಲ್ಲ.

ಅವನು ಹೇಳಿದ್ದರಲ್ಲಿ ಆ ಬೆರಳಿನ ಮಾತು ನಿಜವಾಗಿತ್ತು. ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ವಾರದೊಳಗೆ ಒಂದು ತಬೇಲೆಯ ಹಿಂದೆ, ಎಮ್ಮೆಗಳ ಹುಲ್ಲು ಒಟ್ಟುತ್ತಿದ್ದ ಛಪ್ಪರದ ಅರ್ಧ ಭಾಗ ಬಾಡಿಗೆಗೆ ಹಿಡಿದೆ. ಅರಳೆ, ಬಿಲ್ಲು, ಗಾದಿಯ ಖೋಳಿನ ಬಟ್ಟೆ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಖೋಲಿಯ ಗೋಡೆ ಕೆರೆದು ಸುಣ್ಣ ಹೊಡೆದೆ. ಮೇಲಿನ ತಗಡಿನ ಸಂದಿಯಿಂದ ಹಿಡಿಹಿಡಿ ಅರಳೆ ಕಿತ್ತೆ, ಒಂದು ತಲೆದಿಂಬಿಗೆ ಆಗುವಷ್ಟು. ಮನೆಗೆ ಬರುವ ಮುಂಚೆ ಛಪ್ಪರದಲ್ಲೇ ಅಂಗಿ ಬದಲಿಸುವ ರೂಢಿ ಮಾಡಿಕೊಂಡೆ. ಇದನ್ನು ನೋಡಿದ ಇನ್ನೊಬ್ಬ ಪಿಂಜಾರ, “ಸಾಹೇಬ ಆದೆಪಾ, ಆಫೀಸ್ ಬ್ಯಾರೆ, ಮನಿ ಬ್ಯಾರೆ” ಎಂದು ನಕ್ಕ. “ಹೌದು, ನೀನೂ ಆಗು” ಎಂದೆ. ಅಣ್ಣ ಹೇಳಿದ ಎಂದು ನಾನು ಇದನ್ನು ಮಾಡಲಿಲ್ಲ. ಅವನು ಹೇಳದಿದ್ದರೂ ಮಾಡುತ್ತಿದ್ದೆ ಎಂದು ಇಂದಿಗೂ ಹೇಳುತ್ತೇನೆ. ಹೆಂಡತಿ ನಂಬುವುದಿಲ್ಲ.

ಉಳಿದದ್ದು ಗಿಡ.

ನಮ್ಮ ಗ್ಯಾಲರಿಯ ಕೊನೆಯ ಖೋಲಿಯಲ್ಲಿ ಉಡುಪಿ ಕಡೆಯವರೊಬ್ಬರಿದ್ದರು. ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಚಟ್ನಿ, ಸಾಂಬಾರಿನ ಅಡಿಗೆಭಟ್ಟರು. ನಾನು ಆ ಕಾಂಡಕ್ಕೆ ತಂಬಿಗೆಯಿಂದ ನೀರು ಹನಿಸುವುದನ್ನು ನಾಲ್ಕಾರು ದಿನ ಸುಮ್ಮನೆ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

“ಎಂಥ ಮಾರಾಯ್ರೆ, ಸೌದೆಗೆ ನೀರು ಹಾಕುದಾ? ನಾವು ಒಣಗಿಸಿ ಒಲೆಗೆ ಹಾಕುದು.”

“ಸೌದೆ ಅಲ್ರಿ. ಸೀತಾಳೆದಂಡೆ.”

ಅವರು ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ ನೋಡಿದರು. “ಓ ಇದು ನಮ್ಮಲ್ಲಿ ಹಲಸಿನ ಮರದಲ್ಲಿ ಉಂಟು. ಅದಕ್ಕೆ ಯಾರೂ ಏನೂ ಮಾಡುದಿಲ್ಲ.”

“ಹಂಗಾರ ಹ್ಯಾಂಗ ಬದುಕ್ತದ?”

“ಏನೂ ಮಾಡುದಿಲ್ಲ, ಅದಕ್ಕೇ ಬದುಕುದು. ನೀವು ಎಂತ ಮಾಡಿದ್ರಿ?”

“ಬಿಸಿಲಿಗೆ ಒಣಗಹಾಕಿದೆ.”

“ಹಪ್ಪಳವಾ?” ಎಂದು ಅವರು ಎಷ್ಟು ನಕ್ಕರೆಂದರೆ ಒಳಗಿನಿಂದ ಅವರ ಹೆಂಡತಿ ಹೊರಗೆ ಬಂದು ನೋಡಿದರು. ನನಗೆ ನಗು ಬರಲಿಲ್ಲ. ಮರುದಿನ ಅವರೇ ಹೋಟೆಲಿನಿಂದ ಒಂದು ಚೀಲ ತೆಂಗಿನ ಸಿಪ್ಪೆ ತಂದು ನನ್ನ ಬಾಗಿಲಿಗೆ ಸುರಿದರು. ನೀರು ಹಾಕಿ, ಆದರೆ ನೀರು ಅಲ್ಲಿ ಕೂರಬಾರದು, ನೆನೆಯಬೇಕು, ಒಣಗಬೇಕು, ಗಾಳಿ ಬೇಕು, ಬಿಸಿಲು ಎಲೆಗಳ ಸಂದಿಯಿಂದ ಬಂದಷ್ಟು ಸಾಕು, ಎಂದು ಮರದ ಮೇಲಿನ ಗಿಡದ ಸಂಸಾರವನ್ನೆಲ್ಲ ವಿವರಿಸಿದರು. ಕೊನೆಗೆ, “ಆದ್ರೆ ಇದು ಹೋಗಿದೆ ಮಾರಾಯ್ರೆ. ಸಿಪ್ಪೆ ಬೇಕಾದ್ರೆ ಪಾತ್ರೆ ತಿಕ್ಕಲಿಕ್ಕೆ ಇಟ್ಕೊಳ್ಳಿ” ಎಂದರು.

ಕೊಳೆತ ಭಾಗವನ್ನು ಗಟ್ಟಿ ಸಿಗುವವರೆಗೆ ಬ್ಲೇಡಿನಿಂದ ಕೊಯ್ದೆ. ಕೊಯ್ದ ಜಾಗಕ್ಕೆ ಅರಿಶಿನ ಒತ್ತಿದೆ. ಕೂಸಿಗೆ ಬಿದ್ದ ಗಾಯಕ್ಕೆ ಒತ್ತುವುದನ್ನು ಕಂಡಿದ್ದೆ, ಗಿಡಕ್ಕೆ ಒತ್ತಬಾರದೆಂದು ಯಾರೂ ಹೇಳಿರಲಿಲ್ಲ. ಸತ್ತ ಬೇರು ಹಿಸುಕಿದರೆ ಟೊಳ್ಳು, ಜೀವ ಇದ್ದದ್ದು ಗಟ್ಟಿ. ಗಟ್ಟಿ ಇದ್ದವು ನಾಲ್ಕೇ. ಸಿಪ್ಪೆಯನ್ನು ಅರಳೆಯಂತೆ ಬಿಡಿಸಿ, ಹಳೆಯ ಟೊಂಗೆಗೆ ಹಾಸಿ, ಕಾಂಡವನ್ನು ಅದರ ಮೇಲೆ ಮಲಗಿಸಿ, ಗಾದಿಯ ದಬ್ಬಣದಿಂದ ದಾರ ಹಾಕಿ ಬಿಗಿದೆ. ಗಾದಿಗೆ ಹಾಕುವ ಗಂಟೇ ಅದು, ಎಳೆದರೆ ಬಿಗಿಯುವುದಿಲ್ಲ, ಬಿಟ್ಟರೆ ಸಡಿಲವಾಗುವುದೂ ಇಲ್ಲ. ಗ್ಯಾಲರಿಯಲ್ಲಿ ಮೋರಿಯ ಪಕ್ಕಕ್ಕೆ ತೂಗುಹಾಕಿದೆ. ಅಲ್ಲಿ ದಿನವಿಡೀ ಯಾರಾದರೂ ಪಾತ್ರೆ ತೊಳೆಯುತ್ತಾರೆ, ಗಾಳಿಯಲ್ಲಿ ತೇವ ಇರುತ್ತದೆ, ಎದುರಿನ ಬಿಲ್ಡಿಂಗಿನ ನೆರಳೂ ಇರುತ್ತದೆ.

ಕಸುಬಿನ ಕೈ ಮಾತ್ರ ಒಪ್ಪುತ್ತಿರಲಿಲ್ಲ. ಪಿಂಜಾರನಿಗೆ ನೀರೆಂದರೆ ವೈರಿ. ಅರಳೆಯ ಮೇಲೆ ಒಂದು ಹನಿ ಬಿದ್ದರೂ ಜೀವ ಹೋದಂತೆ ಆಗುವ ನಾನು, ದಿನವೂ ಎದ್ದು ಆ ಸಿಪ್ಪೆಗೆ ಬೇಕೆಂದೇ ನೀರು ಚಿಮುಕಿಸಬೇಕಿತ್ತು. ಚಳಿಗಾಲ ಪೂರ್ತಿ ಏನೂ ಆಗಲಿಲ್ಲ. ಚಾಳಿನವರಿಗೆ ನಾನು ಒಂದು ತಮಾಷೆಯಾದೆ. ನೀರಿನ ಸಾಲಿನಲ್ಲಿ ನಿಂತವರು, “ಏ ಪಿಂಜಾರಿ, ನಿನ್ನ ಕೋಲು ಮೊಟ್ಟೆ ಇಟ್ಟಿತೇನೋ” ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. “ಇಡುತ್ತದೆ, ನಿನಗೂ ಒಂದು ಕೊಡುತ್ತೇನೆ” ಎನ್ನುತ್ತಿದ್ದೆ. ಮುದುಕಿಯೊಬ್ಬಳು ಒಣಗಿದ್ದನ್ನು ಬಾಗಿಲಲ್ಲಿ ಕಟ್ಟಬಾರದು, ಕಿತ್ತು ಎಸೆ ಎಂದಳು. “ಆಜಿ, ನಿಮ್ಮ ಬಾಗಿಲಲ್ಲಿ ಕಟ್ಟಿಲ್ಲವಲ್ಲ” ಎಂದೆ. ಆಕೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು.

ನಡುನಡುವೆ ಖಾನಾಪುರಕ್ಕೆ ಹೋಗಿ ಅವಳನ್ನು ನೋಡಿ ಬರುತ್ತಿದ್ದೆ. “ಗಿಡಾ ಸತ್ತೈತಿ ಅಂದ ಭಾಯಿ” ಎನ್ನುತ್ತಿದ್ದಳು. “ಸತ್ತಿಲ್ಲ” ಎನ್ನುತ್ತಿದ್ದೆ. ಬಾ ಎಂದು ಕರೆಯುತ್ತಿರಲಿಲ್ಲ. ಅವಳೂ ಬರುತ್ತೇನೆ ಎನ್ನುತ್ತಿರಲಿಲ್ಲ. ಕೆಮ್ಮು ಕಡಿಮೆಯಾಗಿತ್ತು, ಕೆನ್ನೆ ತುಂಬಿತ್ತು. ರೈಲಿನಲ್ಲಿ ತಿರುಗಿ ಬರುವಾಗ, ಅಣ್ಣನ ಮನೆಯ ಗಾಳಿಯೇ ಅವಳಿಗೆ ಒಳ್ಳೆಯದೇನೋ ಎಂಬ ವಿಚಾರ ಬರುತ್ತಿತ್ತು. ಕಲ್ಯಾಣ ದಾಟುವುದರೊಳಗೆ ಅದನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದೆ.

೧೯೭೧ರ ಮಳೆಗಾಲ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ನೀರು ಚಿಮುಕಿಸುತ್ತ ನೋಡಿದೆ. ಒಂದು ಬೇರಿನ ತುದಿ ಹಸಿರಾಗಿತ್ತು. ಹಲ್ಲಿಯ ಕಣ್ಣಿನಷ್ಟು ಹಸಿರು. ಯಾರಿಗೂ ಹೇಳಲಿಲ್ಲ. ಮಳೆ ಬಿದ್ದ ಮೇಲೆ ಕಾಂಡದ ಬುಡದಲ್ಲಿ, ಒಂದು ಮಗ್ಗುಲಿಗೆ, ಗುಬ್ಬಿ ಕೊಕ್ಕಿನಂಥದ್ದು ಏನೋ ಎದ್ದಿತು. ಹುಳವೆಂದು ತಿಳಿದು ಉಗುರಿನಿಂದ ಎಬ್ಬಲು ಹೋದವನು, ಅದು ಅಲುಗದ್ದರಿಂದ ಕೈ ತೆಗೆದೆ. ಆ ಕೊಕ್ಕು ಬಿಚ್ಚಿಕೊಂಡು ಒಂದು ಎಲೆಯಾಗಲು ಮಳೆಗಾಲವೆಲ್ಲ ಹಿಡಿಯಿತು. ಸುಳಿ ಸತ್ತ ಕಡೆ ಅದು ಮತ್ತೆ ಹುಟ್ಟಲೇ ಇಲ್ಲ. ಪಕ್ಕದಲ್ಲಿ ಹೊಸ ಬಾಗಿಲು ತೆಗೆದುಕೊಂಡು ಬಂದಿತ್ತು. ಅಡಿಗೆಭಟ್ಟರು ಬಂದು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. “ಸಿಪ್ಪೆ ಒಳ್ಳೇದಿತ್ತು” ಎಂದು ಒಳಗೆ ಹೋದರು.

ರಮಜಾನ್ ಈದಿನ ಹೊತ್ತಿಗೆ ಎರಡು ಎಲೆಗಳಿದ್ದವು. ಗಿಡ ಹೊತ್ತುಕೊಂಡು ಹೋಗಿ ಅವಳ ಅಣ್ಣನ ಮುಂದೆ ಇಡಬೇಕೆಂದು ಒಂದು ಕ್ಷಣ ಅನಿಸಿತು. ಆಮೇಲೆ ಬೇಡವೆನಿಸಿತು. ಪರೀಕ್ಷೆಗೆ ಕೂಡುವುದನ್ನು ನಾನು ಆರನೆಯ ಇಯತ್ತೆಗೇ ಬಿಟ್ಟಿದ್ದೆ. ಬರಿಗೈಯಲ್ಲಿ, ಹೊಸ ಅಂಗಿ ಹಾಕಿಕೊಂಡು ಹೋದೆ.

ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದೆವು. ಅವಳು ಬಡಿಸುತ್ತ ನನ್ನ ಮುಂದೆ ಬಂದಾಗ ಕೇಳಿದಳು. “ಗಿಡಾ ಹ್ಯಾಂಗೈತ್ರಿ?”

“ಎರಡು ಎಲಿ ಅದಾವ.”

“ಆರು ಇದ್ವಲ್ಲ.”

“ಆರೂ ಹೋದ್ವು. ಇವು ಹೊಸಾವು.”

ಬಡಿಸುವ ಕೈ ನಿಂತಿತು. “ಅರಳಿ ಎಲ್ಲಿ ಇಟ್ಟೀರಿ?”

“ಮನ್ಯಾಗಿಲ್ಲ. ತಬೇಲೆ ಹಿಂದ ಛಪ್ಪರ ಹಿಡಿದೇನಿ. ಒಂದು ವರ್ಷ ಆಗಲಿಕ್ಕೆ ಬಂತು.”

“ಒಂದು ವರ್ಷದಿಂದ ಬಾಯಾಗ ಏನ್ ಇಟಗೊಂಡಿದ್ರಿ, ಅರಳಿ ಏನ?”

ಮನೆಯವರೆಲ್ಲ ನಕ್ಕರು. ಅವಳ ಅಣ್ಣ ನಗಲಿಲ್ಲ. “ಎರಡ ಎಲಿ ಅಂದ್ರ ಏನ ದೊಡ್ಡದು? ಹೂ ಬರ್ಲಿ, ಆಮ್ಯಾಲೆ ನೋಡೂಣು” ಎಂದ.

ನಾನು ಉತ್ತರಕ್ಕೆ ಬಾಯಿ ತೆರೆದಿದ್ದೆ. ಅವಳೇ ಹೇಳಿದಳು. “ಭಾಯಿ, ಹೂ ಬರೂತನಕ ಅದರ ಎಲಿ ಯಾರು ಒರಸಬೇಕು? ಇವರನ್ನ ಬಿಟ್ರ ಮತ್ತ ಬಿಸಿಲಿಗೆ ಹಾಕ್ತಾರ.”

ಬಿಸಿಲಿನ ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ ನನಗೆ ಇಂದಿಗೂ ಗೊತ್ತಿಲ್ಲ. ಹಬ್ಬದ ಮೂರನೆಯ ದಿನ ನಾವಿಬ್ಬರೂ ರೈಲು ಹತ್ತಿದೆವು. ಅಣ್ಣ ಸ್ಟೇಷನ್ನಿಗೆ ಬಂದು ಸೀಟು ಹಿಡಿದು ಕೊಟ್ಟ. ಅವನೂ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಖೋಲಿಗೆ ಬಂದವಳು ಮೊದಲು ಗಿಡ ನೋಡಲಿಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿದಳು, ಬೆರಳು ನೋಡಿಕೊಂಡಳು, ಆಮೇಲೆ ಟ್ರಂಕು ತೆರೆದಳು.

ಹೂ ಬರಲು ಇನ್ನೂ ಮೂರು ಬೇಸಿಗೆ ಕಾಯಬೇಕಾಯಿತು. ಆ ವರ್ಷ ಅವಳ ಅಣ್ಣ ಬಂದಿದ್ದ. ಗ್ಯಾಲರಿಯಲ್ಲಿ ನಿಂತು ಚಹ ಕುಡಿಯುತ್ತ ಅದನ್ನು ನೋಡಿದ. “ಸಣ್ಣದೈತಿ” ಎಂದ. “ಐತಿ” ಎಂದೆ. ಇನ್ನೊಂದು ಕಪ್ಪು ಚಹ ತರಿಸಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕುರ್ಲಾದ ಅದೇ ಖೋಲಿ ಒಂದು. ತಬೇಲೆಯ ಹಿಂದಿನ ಛಪ್ಪರ, ಅರ್ಧವಲ್ಲ, ಪೂರ್ತಿ. ಅರಳೆ ಹಿಂಜುವ ಕರೆಂಟಿನ ಮಶೀನು ಒಂದು. ಅಪ್ಪನ ಬಿಲ್ಲು ಒಂದು, ತಂತಿ ಇನ್ನೂ ಬಿಗಿಯಾಗಿದೆ. ಒಬ್ಬ ಹೆಂಡತಿ, ಮಳೆಗಾಲದಲ್ಲಿ ಅವಳಿಗೆ ಸ್ವಲ್ಪ ಕೆಮ್ಮು, ಅದನ್ನೂ ಎಣಿಸುತ್ತೇನೆ. ಇಬ್ಬರು ಹೆಣ್ಣುಮಕ್ಕಳು. ಒಂದು ಟ್ರಂಕು. ಒಂದು ಸೀತಾಳೆದಂಡೆ, ಅದಕ್ಕೆ ಒಂಬತ್ತು ಎಲೆ.